ಆಮ್ಲಜನಕ 97, ರೋಗಿಗೆ ಎಚ್ಚರವಿಲ್ಲ: ವಪೆ ಸೋತ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಮಾಷ್ಟ್ರು ಎಂದಷ್ಟೇ ಕರೆದಿದೆ. ಗುರುತು ಸಿಗದ ಹಾಗೆ ಮನೆಯ, ಊರಿನ ವಿವರಗಳನ್ನು ಬದಲಿಸಿದೆ. ಆಸ್ಪತ್ರೆ, ಅಂಗಡಿಗಳ ಹೆಸರು ಬೇಕೆಂದೇ ಬಿಟ್ಟಿದೆ. ಇಲ್ಲಿ ಆದ ತಪ್ಪುಗಳು ಎಲ್ಲಿ ಬೇಕಾದರೂ ಆಗಬಹುದಾದವು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಮನೆ, ಸುತ್ತ ಅಡಿಕೆ ತೋಟ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ವಯಸ್ಸು 61, ತೂಕ 58 ಕಿಲೋ. ಬೀಡಿ, ಸಿಗರೇಟು ಇಲ್ಲ; ಊಟದ ಮೇಲೆ ಎಲೆಯಡಿಕೆ ಉಂಟು. ಮಳೆಗಾಲದಲ್ಲಿ ಊರ ದೇವಸ್ಥಾನದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ರೋಗ ಮೊದಲು ಕಂಡದ್ದು ಅಲ್ಲಿಯೇ, ಆದರೆ ಅದು ರೋಗವೆಂದು ಯಾರಿಗೂ ಹೊಳೆಯಲಿಲ್ಲ. ಒಂದೇ ಉಸಿರಿಗೆ ನಾಲ್ಕೈದು ವಾಕ್ಯ ಹೆಣೆಯುತ್ತಿದ್ದವರು ಆ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ವಾಕ್ಯದ ನಡುವೆಯೇ ನಿಲ್ಲತೊಡಗಿದರು. ಪ್ರಾಯವಾಯಿತು ಎಂದು ಜೊತೆಯವರು ಸುಮ್ಮನಾದರು.

ಮುಂದಿನ ಹತ್ತು ತಿಂಗಳಲ್ಲಿ ಒಂದೊಂದಾಗಿ ಸೇರಿಕೊಂಡ ಲಕ್ಷಣಗಳನ್ನು ಆಮೇಲೆ ಮನೆಯವರನ್ನು ಕೂರಿಸಿ ಕೇಳಿ ಬರೆದುಕೊಂಡದ್ದು ಹೀಗೆ. ಮಲಗಲು ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು, ಕೊನೆಗೆ ಹಾಸಿಗೆ ಬಿಟ್ಟು ಜಗಲಿಯ ಆರಾಮಕುರ್ಚಿಗೆ ಬಂದರು. ಬೆಳಿಗ್ಗೆ ಏಳುವಾಗ ತಲೆನೋವು, ಕಾಫಿ ಕುಡಿದು ಅರ್ಧ ಗಂಟೆಯಲ್ಲಿ ತಾನೇ ಇಳಿಯುವಂಥದ್ದು. ಹಗಲು ಪೇಪರ್ ಓದುತ್ತಾ ಕೂತಲ್ಲೇ ತೂಕಡಿಕೆ. ಬಗ್ಗಿ ಅಡಿಕೆ ಹೆಕ್ಕಿದರೆ ಏದುಸಿರು. ಅಡಿಕೆ ಸುಲಿಯುವಾಗ ಬಲಗೈ ಹೆಬ್ಬೆರಳಿಗೆ ಹಿಡಿತ ಸಾಲದು. ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಕೆರೆಯ ಸಂಗತಿ: ಸೊಂಟಮಟ್ಟದ ನೀರಿನವರೆಗೆ ಏನೂ ಇಲ್ಲ, ಎದೆಮಟ್ಟಕ್ಕೆ ಇಳಿದ ಕೂಡಲೇ ಉಸಿರು ಕಟ್ಟಿದ ಹಾಗೆ ಆಗಿ ಮೇಲೆ ಬಂದುಬಿಡುತ್ತಿದ್ದರು.

ಮಲಗಿದರೆ ಉಸಿರು ಕಟ್ಟುವುದು ಹೃದಯದ ಕಾಯಿಲೆಯಲ್ಲೂ ಉಂಟು, ಆಸ್ತಮಾದಲ್ಲೂ ಉಂಟು. ಎದೆಮಟ್ಟದ ನೀರಿನಲ್ಲಿ ಹೀಗಾಗುವುದು ವಪೆ ಸೋತವರ ಗುರುತು. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ಡಾಕ್ಟರರ ಮಾತಿನಲ್ಲಿ ಡಯಾಫ್ರಾಮ್. ಉಸಿರೆಳೆಯುವ ಕೆಲಸದ ಹೆಚ್ಚಿನ ಪಾಲು ಅದರದು. ಅದು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ. ನಿಂತವರಿಗೆ ಹೊಟ್ಟೆಯ ಭಾರ ಕೆಳಕ್ಕೆ ಜಗ್ಗಿ ವಪೆಗೆ ನೆರವಾಗುತ್ತದೆ. ಮಲಗಿದಾಗ ಅದೇ ಭಾರ, ನೀರಿಗಿಳಿದಾಗ ನೀರಿನ ಒತ್ತಡ, ವಪೆಯನ್ನು ಎದೆಯ ಕಡೆಗೆ ತಳ್ಳುತ್ತದೆ. ಗಟ್ಟಿ ವಪೆಗೆ ಇದು ಲೆಕ್ಕಕ್ಕಿಲ್ಲ, ಸೋತ ವಪೆಗೆ ಸೋಲಿನ ಮೇಲೆ ಹೊರೆ.

ಹತ್ತು ತಿಂಗಳ ಓಡಾಟ

ಮೊದಲು ಊರ ಕ್ಲಿನಿಕ್ಕಿನಲ್ಲಿ ಆಸ್ತಮಾ ಇರಬಹುದೆಂದು ಇನ್‌ಹೇಲರ್ ಕೊಟ್ಟರು. ಎರಡು ತಿಂಗಳು ಎಳೆದರೂ ವ್ಯತ್ಯಾಸವಾಗಲಿಲ್ಲ. ಆಮೇಲೆ ಗಡಿ ದಾಟಿ ಮಂಗಳೂರಿಗೆ ಹೋಗಿ ಹೃದಯ ಪರೀಕ್ಷೆ ಮಾಡಿಸಿದರು. ಇಸಿಜಿ, ಎಕೋ ಎರಡೂ ಸರಿ ಇದ್ದವು. ಆದರೂ ಇರಲಿ ಎಂದು ಮೂತ್ರ ಹೆಚ್ಚಿಸುವ ಮಾತ್ರೆ. ರಾತ್ರಿ ನಿದ್ರೆ ಇಲ್ಲವೆಂದು ಇನ್ನೊಬ್ಬರು ಅಲ್ಪ್ರಜೋಲಾಮ್ 0.25 ಮಿಲಿಗ್ರಾಮ್ ಬರೆದರು. ನಿದ್ರೆ ಬಾರದಿರಲು ಕಾರಣ ಮಲಗಿದರೆ ಉಸಿರು ಸಾಲದಿರುವುದು. ಮಾತ್ರೆ ಉಸಿರನ್ನು ಇನ್ನಷ್ಟು ತಗ್ಗಿಸಿ, ಸಾಲದು ಎಂದು ಎಬ್ಬಿಸುವ ಎಚ್ಚರಿಕೆಯನ್ನೂ ಅಡಗಿಸಿತು.

ಮೂರು ಸುಳಿವುಗಳು ಫೈಲಿನಲ್ಲೇ ಇದ್ದವು. ಎದೆಯ ಎಕ್ಸ್‌ರೇಯಲ್ಲಿ ವಪೆಯ ಎರಡೂ ಗುಮ್ಮಟಗಳು ಇರಬೇಕಾದ್ದಕ್ಕಿಂತ ಮೇಲಿದ್ದವು. ವರದಿಯಲ್ಲಿ ಬರೆದದ್ದು, ರೋಗಿ ಸರಿಯಾಗಿ ಉಸಿರೆಳೆದಿಲ್ಲ ಎಂದು. ಒಂದೇ ಬದಿ ಮೇಲಿದ್ದರೆ ಕಣ್ಣಿಗೆ ಬೀಳುತ್ತದೆ. ಎರಡೂ ಮೇಲಿದ್ದರೆ ತಪ್ಪು ರೋಗಿಯದೆಂದಾಗುತ್ತದೆ. ಎಳೆಯಲಿಲ್ಲವೋ, ಎಳೆಯಲು ಆಗಲಿಲ್ಲವೋ ಎಂದು ಯಾರೂ ಕೇಳಲಿಲ್ಲ. ಎರಡನೆಯದು ಸ್ಪೈರೊಮೆಟ್ರಿ: ಬಲವಂತವಾಗಿ ಊದುವ ಒಟ್ಟು ಗಾಳಿ 1.7 ಲೀಟರ್, ಅವರ ಎತ್ತರ ಮತ್ತು ವಯಸ್ಸಿಗೆ ಬರಬೇಕಾದ್ದರ 54 ಶೇಕಡ. ಶ್ವಾಸಕೋಶ ಕುಗ್ಗಿದೆ ಎಂಬ ಷರಾ ಬಿತ್ತು. ಪರೀಕ್ಷೆ ನಡೆದದ್ದು ಕೂತುಕೊಂಡು, ಮಲಗಿಸಿ ಅಳೆಯಲೇ ಇಲ್ಲ. ಮೂರನೆಯದು ಸಾಮಾನ್ಯ ರಕ್ತಪರೀಕ್ಷೆಯ ಲವಣಾಂಶಗಳ ಪಟ್ಟಿಯಲ್ಲಿ ಕೊನೆಯ ಸಾಲು: ಬೈಕಾರ್ಬೊನೇಟ್ 34. ಇರಬೇಕಾದ್ದು 22ರಿಂದ 26. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ವಾರಗಟ್ಟಲೆ ಹೆಚ್ಚಿದ್ದರೆ ಮೂತ್ರಪಿಂಡ ಬೈಕಾರ್ಬೊನೇಟ್ ಉಳಿಸಿಕೊಂಡು ಆಮ್ಲತೆಯನ್ನು ಸರಿತೂಗಿಸುತ್ತದೆ. ಮೂತ್ರದ ಮಾತ್ರೆಯಿಂದಲೂ ಅದು ಏರುವುದುಂಟು. ಹಾಗಾಗಿ ಸಂಶಯ ಬಂದರೂ ಬಗೆಹರಿದು ಹೋಗುತ್ತಿತ್ತೇನೋ. ಇಲ್ಲಿ ಸಂಶಯವೇ ಬರಲಿಲ್ಲ.

ಜೂನಿನ ರಾತ್ರಿ

ಮಳೆ ಹಿಡಿದ ವಾರ ಶೀತ, ಜ್ವರ. ರಾತ್ರಿ ಹತ್ತಕ್ಕೆ ಹತ್ತಿರದ ಆಸ್ಪತ್ರೆಗೆ ಸೇರಿಸಿದಾಗ ಬೆರಳಿನ ಆಕ್ಸಿಮೀಟರ್ 88 ತೋರಿಸಿತು. ಮಾಸ್ಕಿನಲ್ಲಿ ನಿಮಿಷಕ್ಕೆ 5 ಲೀಟರ್ ಆಮ್ಲಜನಕ ಕೊಟ್ಟರು. ಹತ್ತು ನಿಮಿಷದಲ್ಲಿ 97. ಎಲ್ಲರಿಗೂ ಸಮಾಧಾನ. ಮಾಷ್ಟ್ರು ತಿಂಗಳುಗಳ ಬಳಿಕ ಚಪ್ಪಟೆ ಮಲಗಿ ನಿದ್ರಿಸಿದರು. ಒಳ್ಳೆಯ ನಿದ್ರೆ ಬಂತಲ್ಲ ಎಂದು ಮಗಳು ಎಬ್ಬಿಸಲಿಲ್ಲ.

ಬೆಳಗಿನ ಐದಕ್ಕೆ ಔಷಧ ಕೊಡಲು ಬಂದ ಸಿಸ್ಟರ್ ಕರೆದರೂ ಕುಲುಕಿದರೂ ಏಳಲಿಲ್ಲ. ಆಕ್ಸಿಮೀಟರ್ ಆಗಲೂ 97. ಅಪಧಮನಿಯ ರಕ್ತ ತೆಗೆದು ನೋಡಿದಾಗ ಪಿಎಚ್ (ಇಳಿದಷ್ಟೂ ರಕ್ತದ ಆಮ್ಲತೆ ಹೆಚ್ಚು) 7.22, ಇಂಗಾಲದ ಡೈಆಕ್ಸೈಡ್ 96, ಬೈಕಾರ್ಬೊನೇಟ್ 38. ಇಂಗಾಲದ ಡೈಆಕ್ಸೈಡ್ ಇರಬೇಕಾದ್ದು 35ರಿಂದ 45 ಮಿಲಿಮೀಟರ್ ಪಾದರಸ.

ಆದದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನರರೋಗಿಗಳಿಗೆ ಈ ತಪ್ಪು ಮತ್ತೆ ಮತ್ತೆ ಆಗುವುದುಂಟು. ಉಸಿರಾಟಕ್ಕೆ ಎರಡು ಕೆಲಸ: ಆಮ್ಲಜನಕ ತರುವುದು, ಇಂಗಾಲದ ಡೈಆಕ್ಸೈಡ್ ಹೊರಹಾಕುವುದು. ಶ್ವಾಸಕೋಶ ಕೆಟ್ಟರೆ ಮೊದಲು ಕುಂದುವುದು ಆಮ್ಲಜನಕ. ಅಲ್ಲಿ ಸಿಲಿಂಡರ್ ಮದ್ದು. ಪಂಪು ಕೆಟ್ಟರೆ, ಅಂದರೆ ಮಿದುಳಿನ ಬುಡದ ಉಸಿರಾಟ ಕೇಂದ್ರವೋ, ಬೆನ್ನುಹುರಿಯೋ, ನರವೋ, ಸ್ನಾಯುವೋ ಸೋತರೆ, ಗಾಳಿ ಒಳಗೆ ಹೊರಗೆ ಓಡಾಡುವುದೇ ಕಡಿಮೆಯಾಗುತ್ತದೆ. ಸಿಲಿಂಡರಿನ ಆಮ್ಲಜನಕ ಒಳಹೋದ ಅಷ್ಟಿಷ್ಟು ಗಾಳಿಯನ್ನು ಗಟ್ಟಿ ಮಾಡುತ್ತದೆಯೇ ಹೊರತು ಇಂಗಾಲದ ಡೈಆಕ್ಸೈಡನ್ನು ಒಂದು ಗುಟುಕೂ ಹೊರಗೆ ಹಾಕುವುದಿಲ್ಲ. ಅದರ ಮೇಲೆ, ತಿಂಗಳುಗಟ್ಟಲೆ ಹೆಚ್ಚಿನ ಇಂಗಾಲದ ಡೈಆಕ್ಸೈಡಿಗೆ ಒಗ್ಗಿದ ಉಸಿರಾಟ ಕೇಂದ್ರ ಅದಕ್ಕೆ ಸ್ಪಂದಿಸುವುದನ್ನು ಬಹುಪಾಲು ಬಿಟ್ಟಿರುತ್ತದೆ. ಆಮ್ಲಜನಕ ಕುಂದಿದೆ ಎಂಬ ಕೂಗೇ ಅದನ್ನು ಕೆಲಸ ಮಾಡಿಸುತ್ತಿರುತ್ತದೆ. 97 ಆದಾಗ ಆ ಕೂಗೂ ನಿಂತಿತು. ಚಪ್ಪಟೆ ಮಲಗಿದ್ದು, ಸಂಜೆ ನುಂಗಿದ ಅಲ್ಪ್ರಜೋಲಾಮ್ ಇವೆರಡೂ ಜೊತೆಗೂಡಿದವು. ಕನಸು ಬೀಳುವ ಹಂತದ ನಿದ್ರೆಯಲ್ಲಿ ಪಕ್ಕೆಲುಬಿನ ನಡುವಿನ, ಕುತ್ತಿಗೆಯ ಸ್ನಾಯುಗಳೆಲ್ಲ ಸಡಿಲಗೊಂಡು ಉಸಿರು ಪೂರ್ತಿ ವಪೆಯ ಪಾಲಿಗೆ ಬರುತ್ತದೆ. ಇಲ್ಲಿ ಆ ವಪೆಯೇ ಸೋತಿತ್ತು.

ಆಗ ಕರ್ತವ್ಯದಲ್ಲಿದ್ದವರ ಮುಂದೆ ಎರಡು ದಾರಿಗಳಿದ್ದವು. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರ್, ಇಲ್ಲವೇ ಮಾಸ್ಕಿನ ಮೂಲಕ ಬೈಪ್ಯಾಪ್, ಅಂದರೆ ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡದಲ್ಲಿ ಗಾಳಿ ಊದುವ ಯಂತ್ರ. ಎಚ್ಚರವಿಲ್ಲದವರಿಗೆ ಮಾಸ್ಕ್ ಹಾಕಿದರೆ ವಾಂತಿ ಶ್ವಾಸನಾಳಕ್ಕೆ ಹೋಗುವ ಭಯ ಉಂಟು. ಆದರೆ ಇವರಿಗೆ ಕೆಮ್ಮು ಬರುತ್ತಿತ್ತು, ವಾಂತಿ ಇರಲಿಲ್ಲ, ರಕ್ತದೊತ್ತಡ ನಿಂತಿತ್ತು. ಒಂದು ಗಂಟೆ ಮಾತ್ರ ನೋಡುವುದು, ಮತ್ತೆ ರಕ್ತ ತೆಗೆಯುವುದು, ಸುಧಾರಿಸದಿದ್ದರೆ ನಳಿಕೆ ಎಂದು ತೀರ್ಮಾನಿಸಿ ಅದನ್ನು ಕೇಸ್‌ಶೀಟಿನಲ್ಲಿ ಬರೆದರು. ಗಂಟೆ ಮೊದಲೇ ನಿಗದಿಯಾಗಿದ್ದರಿಂದ ಸ್ವಲ್ಪ ನೋಡೋಣ, ಇನ್ನೂ ಸ್ವಲ್ಪ ನೋಡೋಣ ಎಂದು ಎಳೆಯಲು ಅವಕಾಶವಾಗಲಿಲ್ಲ. ತಲೆಯ ಕಡೆ ಮಂಚ ಎತ್ತರಿಸಿ, ಉಸಿರೆಳೆಯುವಾಗಿನ ಒತ್ತಡ 10 ಸೆಂಟಿಮೀಟರ್ ನೀರಿನಿಂದ ಶುರುಮಾಡಿ ಇಪ್ಪತ್ತು ನಿಮಿಷದಲ್ಲಿ 16ಕ್ಕೆ ಏರಿಸಿದರು. ಬಿಡುವಾಗಿನದು 4, ಯಂತ್ರವೇ ಕೊಡುವ ಉಸಿರು ನಿಮಿಷಕ್ಕೆ 16. ಆಮ್ಲಜನಕವನ್ನು 88ರಿಂದ 92 ಉಳಿಯುವಷ್ಟಕ್ಕೆ ಇಳಿಸಿದರು. ಒಂದು ಗಂಟೆಗೆ ಪಿಎಚ್ 7.30, ಇಂಗಾಲದ ಡೈಆಕ್ಸೈಡ್ 78. ನಾಲ್ಕು ಗಂಟೆಗೆ 7.38 ಮತ್ತು 64. ಹತ್ತರ ಹೊತ್ತಿಗೆ ಮಾಷ್ಟ್ರು ಕಣ್ಣು ತೆರೆದು ಮಗಳ ಹೆಸರು ಹಿಡಿದು ಕರೆದರು.

ಕಾರಣದ ಬೆನ್ನು ಹಿಡಿದು

ಮರುದಿನ ಫಿಸಿಯೋಥೆರಪಿಸ್ಟ್ ಮಾಸ್ಕ್ ತೆಗೆದು ಅವರನ್ನು ಒಂದು ನಿಮಿಷ ಮಲಗಿಸಿ ಹೊಟ್ಟೆಯ ಮೇಲೊಂದು, ಎದೆಯ ಮೇಲೊಂದು ಕೈ ಇಟ್ಟರು. ಉಸಿರೆಳೆಯುವಾಗ ಎದೆ ಏರಿತು, ಹೊಟ್ಟೆ ಒಳಕ್ಕೆ ಸೇದಿತು. ಎರಡೂ ಒಟ್ಟಿಗೆ ಏಳಬೇಕು. ಈ ಪರೀಕ್ಷೆಗೆ ಯಂತ್ರ ಬೇಡ, ದುಡ್ಡು ಬೇಡ. ಹತ್ತು ತಿಂಗಳಲ್ಲಿ ಯಾರೂ ಅಂಗಿ ಬಿಚ್ಚಿಸಿ ಮಲಗಿಸಿ ನೋಡಿರಲಿಲ್ಲ.

ಆಮೇಲೆ ಸ್ಪೈರೊಮೆಟ್ರಿಯನ್ನು ಎರಡು ಬಗೆಯಲ್ಲಿ ಮಾಡಿದರು. ಕೂತಾಗ 1.7 ಲೀಟರ್, ಮಲಗಿದಾಗ 1.0. ಇಳಿಕೆ 41 ಶೇಕಡ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಹತ್ತರ ಒಳಗೆ. 25 ದಾಟಿದರೆ ವಪೆ ದುರ್ಬಲವೆಂದೇ ಹಿಡಿಯಬೇಕು. ನಾಲಿಗೆಯನ್ನು ಬಾಯೊಳಗೇ ಸುಮ್ಮನೆ ಇಟ್ಟುಕೊಳ್ಳಲು ಹೇಳಿದಾಗ ಅದರ ಮೇಲೆ ಹುಳ ಹರಿದಂಥ ಅದಿರಾಟ ಕಂಡಿತು. ಬಲ ಹೆಬ್ಬೆರಳಿನ ಬುಡದ ಮಾಂಸ ಬತ್ತಿತ್ತು, ಆದರೆ ಅದೇ ಕೈಯ ಸ್ನಾಯು ತಟ್ಟಿದಾಗ ಜೋರಾಗಿ ಚಿಮ್ಮಿತು. ಬತ್ತಿದ ಸ್ನಾಯುವಿನಲ್ಲಿ ಚಿಮ್ಮುವಿಕೆ ಹೆಚ್ಚಿರುವುದು ಸ್ನಾಯುವನ್ನು ಆಡಿಸುವ ಮಿದುಳಿನ ನರಕೋಶ, ಬೆನ್ನುಹುರಿಯ ನರಕೋಶ ಎರಡೂ ಕೆಟ್ಟಾಗ.

ಇಷ್ಟಕ್ಕೇ ರೋಗದ ಹೆಸರು ಹೇಳಲಿಲ್ಲ, ಅದು ಸರಿ. ವಾಸಿಯಾಗುವ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು. ವಪೆಯ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಮೂಲಗಳಿಂದ. ಅಲ್ಲಿ ಗಂಟೋ ಡಿಸ್ಕೋ ಒತ್ತುತ್ತಿದೆಯೇ ಎಂದು ಎಂಆರ್‌ಐ ಬೇಕು. ಮೊದಲ ಸಲ ಅಂಗಾತ ಮಲಗಲಾಗದೆ ಅರ್ಧಕ್ಕೇ ಎಬ್ಬಿಸಿದರು. ಎರಡನೆಯ ಸಲ ಬೆನ್ನಿಗೆ ಇಳಿಜಾರು ದಿಂಬು ಕೊಟ್ಟು ಕುತ್ತಿಗೆಗೆ ಬೇಕಾದಷ್ಟೇ ಚಿತ್ರ ತೆಗೆದರು. ಒತ್ತಡ ಇರಲಿಲ್ಲ. ನರ ಸ್ನಾಯುವನ್ನು ಸೇರುವಲ್ಲಿ ಕೆಡುವ ಮಯಸ್ತೀನಿಯಾಕ್ಕೆ ಪ್ರತಿಕಾಯ ಪರೀಕ್ಷೆ ಮತ್ತು ನರವನ್ನು ಮತ್ತೆ ಮತ್ತೆ ಪ್ರಚೋದಿಸುವ ಪರೀಕ್ಷೆ, ಪಾಂಪೆ ರೋಗಕ್ಕೆ ಒಣರಕ್ತದ ಕಿಣ್ವಪರೀಕ್ಷೆ, ಎರಡೂ ಸರಿಯಿದ್ದವು. ಪಾಂಪೆ ವಿರಳ, ಆದರೆ ಕೈಕಾಲಿಗಿಂತ ಮೊದಲು ವಪೆಯನ್ನು ಹಿಡಿಯಬಲ್ಲ ರೋಗ, ಕಿಣ್ವ ಕೊಡುವ ಚಿಕಿತ್ಸೆಯೂ ಅದಕ್ಕುಂಟು. ಹಾಗಾಗಿ ನೋಡದೆ ಬಿಡಬಾರದು. ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿಯಲ್ಲಿ ನಾಲಿಗೆ, ಕೈ, ಬೆನ್ನು, ಕಾಲು ನಾಲ್ಕೂ ಕಡೆ ನರ ಕಳೆದುಕೊಂಡ ಸ್ನಾಯುವಿನ ಗುರುತು ಸಿಕ್ಕಿತು. ಸ್ನಾಯುವನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ಮೋಟಾರ್ ನ್ಯೂರಾನ್ ರೋಗ, ಅದರಲ್ಲಿ ಎಎಲ್‌ಎಸ್ ಎಂಬ ಬಗೆ. ಸಾಮಾನ್ಯವಾಗಿ ಕೈ, ಕಾಲು ಅಥವಾ ಮಾತಿನಿಂದ ಶುರುವಾಗುವ ಇದು ಕೆಲವೇ ಮಂದಿಯಲ್ಲಿ ಉಸಿರಿನಿಂದ ಶುರುವಾಗುತ್ತದೆ. ಅವರು ನರರೋಗ ತಜ್ಞರ ಬಳಿಗೆ ತಡವಾಗಿ, ಹೆಚ್ಚಾಗಿ ಐಸಿಯು ಮೂಲಕವೇ ಬರುತ್ತಾರೆ.

ಎಂಡೋಸಲ್ಫಾನ್ ಕೀಟನಾಶಕದಿಂದ ಹೀಗಾಯಿತೇ ಎಂದು ಮಗ ಕೇಳಿದ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿದ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ಒಬ್ಬ ರೋಗಿಯಲ್ಲಿ ಎಎಲ್‌ಎಸ್ ಬಂದದ್ದು ಅದರಿಂದಲೇ ಎಂದಾಗಲೀ, ಅಲ್ಲ ಎಂದಾಗಲೀ ತೋರಿಸುವ ಪರೀಕ್ಷೆ ಇಲ್ಲ. ಹಾಗೆಯೇ ಉತ್ತರ ಕೊಟ್ಟರು.

"ಅಪ್ಪನಿಗೆ ಹೇಳುದು ಬೇಡ ಡಾಕ್ಟ್ರೇ" ಎಂದರು ಮಕ್ಕಳಿಬ್ಬರೂ. ಮರುದಿನ ರೌಂಡ್ಸಿಗೆ ಬಂದಾಗ ಮಾಷ್ಟ್ರೇ ಕೇಳಿದರು: "ನಾನು ಅರ್ಥ ಹೇಳುವವ. ನನಗೇ ಅರ್ಥ ಹೇಳದೆ ಬಿಡಬೇಡಿ." ಬಾಗಿಲು ಹಾಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿ ಹೇಳಿದರು. ಮುಂದೆ ಮೂರು ದೊಡ್ಡ ತೀರ್ಮಾನಗಳನ್ನು ಅವರೇ ತೆಗೆದುಕೊಳ್ಳಬೇಕಾಗಿ ಬಂತು. ರೋಗದ ಹೆಸರು ಗೊತ್ತಿಲ್ಲದವರಿಂದ ಅದು ಆಗುವ ಮಾತಲ್ಲ.

ಮನೆಗೆ ಬಂದ ಯಂತ್ರ

ರೋಗವನ್ನು ತುಸು ನಿಧಾನಿಸುವ ಮದ್ದು ರಿಲುಜೋಲ್ 50 ಮಿಲಿಗ್ರಾಮ್ ದಿನಕ್ಕೆರಡು ಶುರುವಾಯಿತು. ಅದರ ಗುಣ ಸಣ್ಣದು. ಬದುಕನ್ನು ಎದ್ದು ಕಾಣುವಷ್ಟು ಲಂಬಿಸುವುದು ರಾತ್ರಿಯ ಬೈಪ್ಯಾಪ್: 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ನುಂಗುವ ಮತ್ತು ಮಾತಿನ ಸ್ನಾಯುಗಳು ತೀರಾ ಸೋತಿರದ ಎಎಲ್‌ಎಸ್ ರೋಗಿಗಳಿಗೆ ಅದು ಸುಮಾರು ಏಳು ತಿಂಗಳು ಹೆಚ್ಚು ಕೊಟ್ಟಿತ್ತು.

ಇಲ್ಲಿ ಒಂದು ಎಡವಟ್ಟು. ಚೀಟಿಯಲ್ಲಿ ಬೈಪ್ಯಾಪ್ ಎಂದಷ್ಟೇ ಇತ್ತು. ಅಂಗಡಿಯವರು, ಎರಡೂ ಒಂದೇ, ಇದು ಅಗ್ಗ ಎಂದು ಗೊರಕೆಯವರಿಗೆ ಕೊಡುವ ಆಟೋ ಸಿಪ್ಯಾಪ್ ಕೊಟ್ಟರು. ಸಿಪ್ಯಾಪ್ ಎಳೆಯುವಾಗಲೂ ಬಿಡುವಾಗಲೂ ಒಂದೇ ಒತ್ತಡ ಊದಿ ಗಂಟಲನ್ನು ತೆರೆದಿಡುತ್ತದೆ, ಉಸಿರೆಳೆಯಲು ನೆರವಾಗುವುದಿಲ್ಲ. ಸೋತ ವಪೆಯವರು ಆ ಒತ್ತಡಕ್ಕೆ ಎದುರಾಗಿ ಉಸಿರು ಬಿಡಬೇಕಾಗಿ ಇನ್ನಷ್ಟು ದಣಿಯುತ್ತಾರೆ. ಎರಡು ರಾತ್ರಿಯಲ್ಲಿ ಬೆಳಗಿನ ತಲೆನೋವು ಮರಳಿತು. ಮೂರನೆಯ ದಿನ ಯಂತ್ರದ ಫೋಟೋ ಕಳಿಸಿದಾಗ ತಿಳಿಯಿತು. ಆಮೇಲೆ ಚೀಟಿ ಹೀಗೆ ಬದಲಾಯಿತು: ಎಸ್‌ಟಿ ಮೋಡ್ (ರೋಗಿ ಎಳೆಯದಿದ್ದರೆ ಯಂತ್ರವೇ ಉಸಿರು ಕೊಡುವ ಬಗೆ) ಇರುವ ಬೈಪ್ಯಾಪ್, ಯಂತ್ರವೇ ಕೊಡುವ ಉಸಿರಿನ ದರ ಇಡುವ ಸೌಲಭ್ಯ ಕಡ್ಡಾಯ, ಎಳೆಯುವ ಒತ್ತಡ 16, ಬಿಡುವ ಒತ್ತಡ 4, ದರ 14, ಎಳೆಯುವ ಅವಧಿ 1.2 ಸೆಕೆಂಡ್, ಟ್ರಿಗರ್ ಅತಿ ಸೂಕ್ಷ್ಮ. ಟ್ರಿಗರ್ ಮಂದವಾಗಿದ್ದರೆ ಅವರು ಎಳೆಯಲು ಪಟ್ಟ ಪ್ರಯತ್ನ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಬಿಡುವ ಒತ್ತಡವನ್ನು ಸುಮ್ಮನೆ ಏರಿಸಿದರೆ ಎರಡರ ನಡುವಿನ ಅಂತರ ಕುಗ್ಗುತ್ತದೆ. ಗಾಳಿ ಒಳತಳ್ಳುವುದು ಆ ಅಂತರವೇ.

ಮೊದಲ ದಿನವೇ ರಾತ್ರಿಯಿಡೀ ಹಾಕಿಸಿದರೆ ಹೆಚ್ಚಿನವರು ಕಿತ್ತೆಸೆಯುತ್ತಾರೆ. ಹಗಲು ಜಗಲಿಯ ಕುರ್ಚಿಯಲ್ಲಿ ತಾಳಮದ್ದಳೆ ಧ್ವನಿಮುದ್ರಣ ಕೇಳುತ್ತಾ ಅರ್ಧ ಗಂಟೆ, ನಾಲ್ಕನೆಯ ದಿನದಿಂದ ಮಧ್ಯಾಹ್ನದ ನಿದ್ರೆಗೆ, ಎರಡನೆಯ ವಾರದಿಂದ ರಾತ್ರಿಗೆ. ಮಾಸ್ಕಿನ ಆಯ್ಕೆಯಲ್ಲಿ ಜಿಜ್ಞಾಸೆ ಇತ್ತು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಸೋರಿಕೆ ಕಡಿಮೆ, ಆದರೆ ಕೈ ಸೋತವರು ವಾಂತಿ ಬಂದರೆ ತಾವಾಗಿ ತೆಗೆಯಲಾರರು. ಹಾಗಾಗಿ ಮೂಗಿನ ಮಾಸ್ಕ್, ಗಲ್ಲಕ್ಕೆ ಪಟ್ಟಿ. ಎರಡನೆಯ ತಿಂಗಳು ಮತ್ತೆ ಬೆಳಿಗ್ಗೆ ಮಂಪರು. ಯಂತ್ರದ ಕಾರ್ಡ್ ತೆಗೆದು ನೋಡಿದರೆ ರಾತ್ರಿ ಎರಡರ ಬಳಿಕ ಸೋರಿಕೆ ವಿಪರೀತ. ಬಾಯಿ ತೆರೆದುಕೊಳ್ಳುತ್ತಿತ್ತು. ಆಗ ದೊಡ್ಡ ಮಾಸ್ಕಿಗೆ ಬದಲಾಯಿಸಿ, ಒಂದೇ ಎಳೆತಕ್ಕೆ ಕಳಚುವ ಕೊಕ್ಕೆ ಹಾಕಿಸಿ, ಮಗ ಅದೇ ಕೋಣೆಯಲ್ಲಿ ಮಲಗತೊಡಗಿದ. ಮೂಗಿನ ಸೇತುವೆಯಲ್ಲಿ ಹುಣ್ಣಾಗದಂತೆ ಹೈಡ್ರೊಕೊಲಾಯ್ಡ್ ಪಟ್ಟಿ. ಮಾಸ್ಕಿನ ಮೇಲಿನ ಸಣ್ಣ ತೂತುಗಳಿಂದ ಸುಯ್ ಎಂದು ಗಾಳಿ ಬರುವುದು ಸೋರಿಕೆಯಲ್ಲ, ಬಿಟ್ಟ ಉಸಿರು ಹೊರಹೋಗುವ ದಾರಿ. ಸದ್ದಾಗುತ್ತದೆಂದು ಸೊಸೆ ಒಂದು ರಾತ್ರಿ ಅದಕ್ಕೆ ಟೇಪ್ ಅಂಟಿಸಿದ್ದಳು. ಬೆಳಗಾಗುವ ಮೊದಲೇ ಮಗ ಕಂಡು ಕಿತ್ತದ್ದರಿಂದ ಅನಾಹುತ ತಪ್ಪಿತು. ಮನೆಯವರಿಗೆ ಕಲಿಸುವಾಗ ಈ ತೂತುಗಳನ್ನು ಬೆರಳಿಟ್ಟು ತೋರಿಸಿರಲಿಲ್ಲ, ಈಗ ತೋರಿಸುತ್ತಾರೆ.

ಇನ್ನು ಕರೆಂಟ್. ಮಳೆಗಾಲದಲ್ಲಿ ಅಡಿಕೆಮರ ತಂತಿಯ ಮೇಲೆ ಬಿದ್ದರೆ ಒಂದು ಹಗಲು ಒಂದು ರಾತ್ರಿ ಕರೆಂಟಿಲ್ಲದಿರುವುದು ಇಲ್ಲಿ ಸಾಮಾನ್ಯ. ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇತ್ತು. 12 ವೋಲ್ಟಿಗೆ ಗುಣಿಸಿದರೆ 1800 ವಾಟ್-ಅವರ್. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಂದರೆ 900. ಈ ಯಂತ್ರ ಹ್ಯುಮಿಡಿಫೈಯರ್ ಇಲ್ಲದೆ ಎಳೆಯುವುದು ಸುಮಾರು 30 ವಾಟ್, ಇನ್ವರ್ಟರಿನ ಸ್ವಂತ ಖರ್ಚು ಸೇರಿ 45ರಿಂದ 50. ಲೆಕ್ಕಕ್ಕೆ 18 ಗಂಟೆ ಬರುತ್ತದೆ. ಹಳೆಯ ಬ್ಯಾಟರಿಯೆಂದು 12 ಎಂದೇ ಹಿಡಿದರು. ನೀರು ಬಿಸಿಮಾಡುವ ಹ್ಯುಮಿಡಿಫೈಯರ್ ಹಚ್ಚಿದರೆ ಆ ಹನ್ನೆರಡು ಆರಾಗುತ್ತದೆ. ಕರೆಂಟ್ ಹೋದ ಕೂಡಲೇ ಅದನ್ನು ಆರಿಸಬೇಕು. ಕಾಗದದಲ್ಲಿ ಎಲ್ಲ ಸರಿ. ಒಂದು ಸಂಜೆ ಆರಕ್ಕೆ ಮೈನ್ ಸ್ವಿಚ್ ಇಳಿಸಿ ಪರೀಕ್ಷಿಸಿದಾಗ ಯಂತ್ರ ಆ ಕ್ಷಣವೇ ನಿಂತಿತು. ಮಾಷ್ಟ್ರ ಕೋಣೆಯ ಪ್ಲಗ್ಗು ಇನ್ವರ್ಟರ್ ಲೈನಿನಲ್ಲೇ ಇರಲಿಲ್ಲ. ಫ್ರಿಜ್ಜು ಮಾತ್ರ ಇತ್ತು. ಎಲೆಕ್ಟ್ರಿಷಿಯನ್ ಕರೆಸಿ ಅದಲು ಬದಲು ಮಾಡಿಸಿದರು. ಇನ್ವರ್ಟರ್ ಸೈನ್‌ವೇವ್ ಬಗೆಯದೇ ಎಂದೂ ಆಗ ನೋಡಿಕೊಂಡರು.

ಸಿಡಿಲಿನದು ಬೇರೆಯೇ ಸಮಸ್ಯೆ. ಗುಡುಗು ಕೇಳಿದರೆ ಟಿವಿ, ಫ್ರಿಜ್ಜು, ಮೋಡೆಮ್ ಎಲ್ಲದರ ಪ್ಲಗ್ಗು ಕೀಳುವುದು ಈ ಕಡೆಯ ಮನೆಗಳ ಪದ್ಧತಿ, ಅದು ತಪ್ಪೂ ಅಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಂಜೆ ಅದೇ ಅಭ್ಯಾಸದಲ್ಲಿ ಬೈಪ್ಯಾಪಿನ ಪ್ಲಗ್ಗನ್ನೂ ಕಿತ್ತರು, ಅವರು ಮಾಸ್ಕ್ ಹಾಕಿ ಮಲಗಿದ್ದಾಗ. ಅಲಾರಂ ಹೊಡೆದುಕೊಂಡದ್ದರಿಂದ ಗೊತ್ತಾಯಿತು. ಆಮೇಲಿನ ನಿಯಮ: ಗುಡುಗಿದರೆ ಕೀಳಬೇಕಾದ್ದು ಗೋಡೆಯಿಂದ ಇನ್ವರ್ಟರಿಗೆ ಬರುವ ಪ್ಲಗ್ಗನ್ನು, ಯಂತ್ರ ಬ್ಯಾಟರಿಯಲ್ಲಿ ಓಡಲಿ. ಎಲ್ಲವೂ ಕೈಕೊಟ್ಟರೆ ಎಂದು ಕೈಯಿಂದ ಒತ್ತುವ ಆಂಬು ಚೀಲ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಮಗ, ಮಗಳು, ಸೊಸೆ ಮೂವರೂ ಅದನ್ನು ಒತ್ತಲು ಕಲಿತರು.

ಕೆಮ್ಮಿನ ಮಾತು ಬಹುತೇಕ ಕಡೆ ಮರೆತೇ ಹೋಗುತ್ತದೆ. ವಪೆ ಆಳಕ್ಕೆ ಎಳೆಯಬೇಕು, ಹೊಟ್ಟೆಯ ಸ್ನಾಯು ಬಿಗಿಯಬೇಕು, ಗಂಟಲು ಮುಚ್ಚಿ ತೆರೆಯಬೇಕು, ಆಗ ಕೆಮ್ಮು. ಆಸ್ತಮಾದವರು ಊದುವ ಪೀಕ್‌ಫ್ಲೋ ಮೀಟರಿಗೇ ಕೆಮ್ಮಿಸಿ ಅಳೆಯಬಹುದು. ನಿಮಿಷಕ್ಕೆ 270 ಲೀಟರಿನ ಕೆಳಗೆ ಬಂದರೆ ಶೀತವೂ ಅಪಾಯ, 160ರ ಕೆಳಗೆ ಕಫ ಹೊರಬರುವುದೇ ಇಲ್ಲ. ಇವರದು 210. ಆಂಬು ಚೀಲಕ್ಕೆ ಒಮ್ಮುಖದ ಕವಾಟ ಹಾಕಿ, ಉಸಿರು ಬಿಡದೆ ಮೂರು ನಾಲ್ಕು ಸಲ ಗಾಳಿ ತುಂಬಿಸಿ, ಕೆಮ್ಮುವ ಹೊತ್ತಿಗೆ ಪಕ್ಕೆಲುಬಿನ ಕೆಳಗೆ ಎರಡೂ ಅಂಗೈಯಿಂದ ಒಳಕ್ಕೂ ಮೇಲಕ್ಕೂ ಒತ್ತಿದಾಗ 290 ಬಂತು. ಬೆಳಿಗ್ಗೆ ಸಂಜೆ ಹತ್ತು ಸಲ, ಊಟಕ್ಕೆ ಮೊದಲು.

ಮನೆಯಲ್ಲೇ ನಿಗಾ ಇಡಲು ಒಂದುಸಿರಿನ ಎಣಿಕೆ ಇತ್ತು. ಪೂರ್ತಿ ಉಸಿರೆಳೆದು ಸೆಕೆಂಡಿಗೆ ಎರಡರಂತೆ ಎಣಿಸುವುದು. ಇಂಗ್ಲಿಷಿನಲ್ಲಿ ಎಣಿಸುವವರ ಅಳತೆಯನ್ನು ಕನ್ನಡಕ್ಕೆ ಹಚ್ಚಬಾರದು. ಹದಿನೆಂಟು, ಇಪ್ಪತ್ತಮೂರು ಎನ್ನುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಾರೆ. ಆದ್ದರಿಂದ ಎಷ್ಟಿರಬೇಕು ಎಂಬ ಪ್ರಶ್ನೆ ಬಿಟ್ಟು, ಹಿಂದಿನ ಭಾನುವಾರ ಎಷ್ಟಿತ್ತು ಎಂದು ನೋಡಿದರು. ಮೊದಲ ಪುಟದಲ್ಲಿ 19. ಕೂತು ಎಣಿಸಿದ್ದು, ಒಂದೇ ಹೊತ್ತು, ಒಂದೇ ಕುರ್ಚಿ.

ತಡವಾದದ್ದು, ತಡವಾಗದ್ದು

ಎಂಟನೆಯ ತಿಂಗಳಲ್ಲಿ ಗಂಜಿ ನೆತ್ತಿಗೇರತೊಡಗಿತು. ಹೊಟ್ಟೆಗೆ ನೇರ ನಳಿಕೆ ಇಡುವ ಶಸ್ತ್ರಕ್ರಿಯೆಯನ್ನು ಉಸಿರಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯುವ ಮೊದಲೇ ಮಾಡಿಸುವುದು ಕ್ಷೇಮ. ಇವರಿಗೆ ರೋಗ ಗೊತ್ತಾದಾಗಲೇ 54. ನುಂಗಲು ತೊಂದರೆಯಿಲ್ಲವಲ್ಲ ಎಂದು ಆಗ ಮುಂದೂಡಿದ್ದರು. ಕೊನೆಗೆ ಮೂಗಿನ ಮಾಸ್ಕಿನಲ್ಲಿ ಬೈಪ್ಯಾಪ್ ಓಡಿಸುತ್ತಲೇ, ಮರಗಟ್ಟಿಸುವ ಮದ್ದು ಚುಚ್ಚಿ ಮಾಡಿದರು. ನಡೆದುಹೋಯಿತು, ಆದರೆ ಮುಂದೂಡಿದ ತೀರ್ಮಾನವನ್ನು ಸರಿಯೆನ್ನಲಾಗದು. ಉಸಿರಿನಿಂದ ಶುರುವಾದ ಎಎಲ್‌ಎಸ್‌ನಲ್ಲಿ ನುಂಗುವುದು ಕೆಡಲಿ ಎಂದು ಕಾಯುವಷ್ಟು ಉಸಿರು ಉಳಿದಿರುವುದಿಲ್ಲ.

ತುರ್ತಿನ ಪತ್ರ ಮಾತ್ರ ಸಮಯಕ್ಕೆ ಸಿದ್ಧವಿತ್ತು. ಈ ಊರಿನವರಿಗೆ ತುರ್ತು ಬಂದರೆ ಆಂಬುಲೆನ್ಸ್ ಕಾಸರಗೋಡಿಗೆ ಇಳಿಯಬಹುದು, ಗಡಿಯ ತಲಪಾಡಿ ದಾಟಿ ಮಂಗಳೂರಿಗೂ ಹೋಗಬಹುದು. 2020ರ ಮಾರ್ಚಿನ ಕೋವಿಡ್ ಲಾಕ್‌ಡೌನಿನಲ್ಲಿ ಗಡಿಯಲ್ಲಿ ಆಂಬುಲೆನ್ಸ್ ನಿಂತದ್ದನ್ನು ಕಂಡವರು ಒಂದೇ ದಾರಿಯನ್ನು ನಂಬುವುದಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದು, ಲ್ಯಾಮಿನೇಟ್ ಮಾಡಿ ಯಂತ್ರದ ಚೀಲದಲ್ಲಿಟ್ಟರು: ಇದು ಆಸ್ತಮಾ ಅಲ್ಲ, ನರರೋಗದಿಂದ ಉಸಿರಿನ ಸ್ನಾಯು ಸೋತಿದೆ. ಮೊದಲು ಇವರ ಬೈಪ್ಯಾಪ್ ಹಾಕಿ. ಆಮ್ಲಜನಕ ಬೇಕಾದರೆ ಅದರ ಕೊಳವೆಗೆ ಸೇರಿಸಿ, 88ರಿಂದ 92 ಸಾಕು. ಎಬಿಜಿ (ಅಪಧಮನಿಯ ರಕ್ತದ ಪರೀಕ್ಷೆ) ನೋಡಿ. ಚಪ್ಪಟೆ ಮಲಗಿಸಬೇಡಿ. ನಿದ್ರೆಯ ಮದ್ದು ಬೇಡ. ಕಫ ತೆಗೆಯಿರಿ.

ಹದಿಮೂರನೆಯ ತಿಂಗಳು, ಜುಲೈಯಲ್ಲಿ, ಮತ್ತೆ ಎದೆಯ ಸೋಂಕು. ಆಸ್ಪತ್ರೆ ಬೇರೆ, ರಾತ್ರಿ ಅದೇ ಥರದ್ದು, ಆಕ್ಸಿಮೀಟರ್ 86. ಸಿಬ್ಬಂದಿ ಆಮ್ಲಜನಕದ ಮಾಸ್ಕ್ ಕೈಗೆತ್ತಿಕೊಂಡಾಗ ಮಗ ಹಾಳೆ ಮುಂದೆ ಹಿಡಿದ. ಓದಿದರು. ಯಂತ್ರ ಹಾಕಿದರು. ಅರ್ಧ ಗಂಟೆಗೊಮ್ಮೆ ಕೆಮ್ಮಿಸಿ ಕಫ ತೆಗೆದರು. ಇಂಗಾಲದ ಡೈಆಕ್ಸೈಡ್ 71ರಿಂದ ಬೆಳಗಾಗುವಾಗ 58. ಆರನೆಯ ದಿನ ಮನೆಗೆ.

ಆಗ ಮೂರನೆಯ ತೀರ್ಮಾನ ಎದುರಿಗೆ ಬಂತು: ಇನ್ನೊಮ್ಮೆ ಹೀಗಾಗಿ ಮಾಸ್ಕ್ ಸಾಲದಿದ್ದರೆ ಗಂಟಲಿಗೆ ತೂತು ಮಾಡಿ ಶಾಶ್ವತ ವೆಂಟಿಲೇಟರಿಗೆ ಹೋಗುವುದೇ? ಬೇಡ ಎಂದರು ಮಾಷ್ಟ್ರು. ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ, ಇಬ್ಬರು ಸಾಕ್ಷಿಗಳ ಮುಂದೆ ಕನ್ನಡದಲ್ಲೇ ಬರೆಸಿ ನೋಟರಿಯಿಂದ ದೃಢೀಕರಿಸಿದರು. ಲ್ಯಾಮಿನೇಟ್ ಹಾಳೆಗೆ ಆ ಸಾಲೂ ಸೇರಿತು.

ಕೇರಳದಲ್ಲಿ ಪಂಚಾಯತುಗಳ ಮೂಲಕ ನಡೆಯುವ ಮನೆಮನೆಯ ಪಾಲಿಯೇಟಿವ್ (ಗುಣವಾಗದ ರೋಗಿಯ ಸಂಕಟ ತಗ್ಗಿಸುವ) ಆರೈಕೆ ಇಲ್ಲಿ ದೊಡ್ಡ ಆಸರೆ. ಸಿಸ್ಟರ್ ಮಲಯಾಳದವರು, ಮಾಷ್ಟ್ರಿಗೆ ಆಗಲೇ ಮಾತು ತೊದಲುತ್ತಿತ್ತು. ಕನ್ನಡ ಅಕ್ಷರಗಳ ಹಲಗೆಯಲ್ಲಿ ಅವರು ಕಣ್ಣಿನಿಂದ ತೋರಿಸಿದ್ದನ್ನು ಮಗಳು ಓದಿ ಮಲಯಾಳದಲ್ಲಿ ಹೇಳುತ್ತಿದ್ದಳು. ಉಸಿರಿನ ಸಂಕಟಕ್ಕೆ ಮಾರ್ಫಿನ್ 2.5 ಮಿಲಿಗ್ರಾಮ್ ಎಂದಾಗ ಮನೆಯವರು ಹೆದರಿದರು. ಅಂದು ಅಲ್ಪ್ರಜೋಲಾಮ್ ಬೇಡವಾಗಿತ್ತು, ಇಂದು ಮಾರ್ಫಿನ್ ಹೇಗೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅಂದು ಕಾರಣ ತಿಳಿಯದೆ, ಉಸಿರಿಗೆ ಯಾವ ಆಧಾರವೂ ಇಲ್ಲದೆ ಕೊಟ್ಟದ್ದು. ಈಗ ಬೈಪ್ಯಾಪ್ ಓಡುತ್ತಿದೆ, ಪ್ರಮಾಣ ಸಣ್ಣದು, ಗುರಿ ಸಂಕಟ ಇಳಿಸುವುದು. ಆರು ಗಂಟೆಗೊಮ್ಮೆ ಕೊಟ್ಟರು, ಜೊತೆಗೆ ಮಲಬದ್ಧತೆಗೆ ಮದ್ದು.

ಮೊದಲ ಜೂನಿನಿಂದ ಹದಿನೇಳು ತಿಂಗಳಿಗೆ, ನವೆಂಬರಿನಲ್ಲಿ, ಮನೆಯಲ್ಲೇ ತೀರಿಕೊಂಡರು. ಎಣಿಕೆಯ ಪುಸ್ತಕದಲ್ಲಿ ಕೊನೆಯ ಭಾನುವಾರದ ಎದುರು 4 ಎಂದಿದೆ.

ಇದೇ ಪಂಪು ಬೇರೆ ನರರೋಗಗಳಲ್ಲಿ ಬೇರೆ ವೇಗದಲ್ಲಿ ಸೋಲುತ್ತದೆ. ಕಟ್ಟುಹಾವು ಕಚ್ಚಿದವರಲ್ಲಿ ಗಂಟೆಗಳಲ್ಲಿ, ದೇಹದ ಸ್ವರಕ್ಷಣೆಯೇ ನರಗಳನ್ನು ಕೆಡಿಸುವ ಗಿಲಾನ್ ಬಾರೆಯಲ್ಲಿ ದಿನಗಳಲ್ಲಿ, ಅಡಿಕೆಮರದಿಂದ ಬಿದ್ದು ಕುತ್ತಿಗೆ ಮುರಿದವರಲ್ಲಿ ಆ ಕ್ಷಣವೇ. ಗಿಲಾನ್ ಬಾರೆಯಲ್ಲಿ ಊದುವ ಗಾಳಿ ಕಿಲೋಗೆ 20 ಮಿಲಿಲೀಟರಿಗೆ ಇಳಿದರೆ ಆಕ್ಸಿಮೀಟರ್ 98 ತೋರಿಸುತ್ತಿದ್ದರೂ ನಳಿಕೆಗೆ ಸಿದ್ಧರಾಗಬೇಕು. ಅಲ್ಲಿ ಮಾಸ್ಕಿನ ಮೇಲೆ ಭರವಸೆ ಇಡುವುದು ಕೆಟ್ಟ ಜೂಜು, ಏಕೆಂದರೆ ಗಂಟಲಿನ ಸ್ನಾಯುವೂ ಜೊತೆಗೇ ಸೋಲುತ್ತದೆ, ರಕ್ತದೊತ್ತಡವೂ ಏರುಪೇರಾಗುತ್ತದೆ. ಕಟ್ಟುಹಾವಿನದರಲ್ಲಿ ಕಣ್ಣೆವೆ ಜೋತದ್ದೇ ಮೊದಲ ಸೂಚನೆ. ಆಗಿನಿಂದಲೇ ಅರ್ಧ ಗಂಟೆಗೊಮ್ಮೆ ಎಣಿಸಿ ನೋಡಬೇಕು.

ಬೈಪ್ಯಾಪನ್ನು ಮನೆಯವರು ಪಾಲಿಯೇಟಿವ್ ಘಟಕಕ್ಕೆ ಕೊಟ್ಟರು. ಮಾಸ್ಕ್, ಕೊಳವೆ, ಫಿಲ್ಟರ್ ಮೂರನ್ನೂ ತೆಗೆದು ಎಸೆದು, ಹ್ಯುಮಿಡಿಫೈಯರ್ ತೊಟ್ಟಿ ಬದಲಿಸಿ, ಕಾರ್ಡ್ ಖಾಲಿ ಮಾಡಿ, ಒತ್ತಡದ ಅಂಕಿಗಳನ್ನು ಅಳಿಸಿಯೇ ಕೊಟ್ಟದ್ದು. ಮುಂದೆ ಅದು ಹೋದ ಮನೆಯಲ್ಲಿ 16 ಮತ್ತು 4 ಬೇಕಾಗಿರಲಿಲ್ಲ. ಅಲ್ಲಿ 12ರಿಂದ ಶುರುಮಾಡಿದರು.